ಬೈಯಲು ಯಾರೂ ಇಲ್ಲದ ಸರ್ವರು

ನಮ್ಮ ಹಿತ್ತಲಿನ ಬೀನ್ಸ್ ಚಪ್ಪರಕ್ಕೆ ಪಿಕಳಾರ ಹಕ್ಕಿಗಳ ಕಾಟ ಜಾಸ್ತಿಯಾಗಿದೆ. ನನ್ನ ಹೆಂಡತಿ ಹಳೆಯ ಸಿಡಿಗಳನ್ನೆಲ್ಲ ಹೊರಗೆಳೆದು, ದಾರ ಕಟ್ಟಿ, ಚಪ್ಪರದ ತುಂಬ ಇಳಿಬಿಟ್ಟಿದ್ದಾಳೆ. ಊಟಿಯ ಬಿಸಿಲು ಅಪರೂಪಕ್ಕೆ ಬಂದಾಗ ಅವು ಮಿಂಚಬೇಕು, ಹಕ್ಕಿಗಳು ಹೆದರಬೇಕು, ಇದು ಯೋಜನೆ. ನಿನ್ನೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ನೋಡುತ್ತೇನೆ, ಒಂದು ಸಿಡಿಯ ನೆತ್ತಿಯ ಮೇಲೆಯೇ ಪಿಕಳಾರವೊಂದು ಕೂತು ಬಾಲ ಕುಣಿಸುತ್ತಿದೆ. ಹತ್ತಿರ ಹೋದೆ. ಸಿಡಿಯ ಮೇಲೆ ನೀಲಿ ಶಾಯಿಯಲ್ಲಿ, ತಮಿಳು ಅಕ್ಷರದಲ್ಲಿ ಎರಡು ಸಾಲು: "ಸರ್ವರ್. ಹೆದರಬೇಡಿ." ಹಕ್ಕಿಗೆ ಓದು ಬರುತ್ತದೆಂದು ಕಾಣುತ್ತದೆ. ನನಗೇ ಆ ಎರಡನೆಯ ಸಾಲನ್ನು ಪಾಲಿಸಲು ಇಷ್ಟು ವರ್ಷ ಆಗಿರಲಿಲ್ಲ.

ಆ ಬರಹ ಭೋಜಣ್ಣನದು. ಅವರು ಹೋಗಿ ಆರು ವರ್ಷವಾಯಿತು. ಬರೆದದ್ದು ನನಗಾಗಿಯೇ.

ಇಲ್ಲಿ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಚಿಂತೆ ಮಾಡುವುದು ನನ್ನ ಕಸುಬು. ಗಣಿತ ಪಾಠ ಹೇಳುವುದು ಹೊಟ್ಟೆಪಾಡು. ಯಾರು ಏನು ಕೇಳಿದರೂ ನನ್ನ ಬಾಯಿಂದ ಬರುವುದು "ನೋಡೋಣ" ಎಂಬ ಒಂದೇ ಮಾತು. ಮದುವೆಗೆ ಹುಡುಗಿ ನೋಡಿ ಬಂದಾಗಲೂ "ನೋಡೋಣ" ಅಂದೆನಂತೆ. "ನೋಡಿಯಾಯ್ತಲ್ಲಪ್ಪಾ, ಇನ್ನೇನು ನೋಡ್ತೀಯ?" ಎಂದು ನಮ್ಮಪ್ಪ ಗದರದಿದ್ದರೆ ಇವತ್ತು ಸಿಡಿ ಕಟ್ಟಲು ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಮೂರು ವಾರದಿಂದ ಸುಮತಿ ಎಂಬ ಹಳೆಯ ಶಿಷ್ಯೆಯ ಸಂದೇಶವೂ ನನ್ನ ಮೊಬೈಲಿನಲ್ಲಿ ಒಂದು "ನೋಡೋಣ" ಹೊತ್ತುಕೊಂಡು ಕೂತಿತ್ತು. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಕೋತಗಿರಿಯಿಂದ ಅರ್ಧ ಗಂಟೆ ಬಸ್ಸಿನ ದಾರಿಯಲ್ಲಿ, ಟೀ ತೋಟಗಳ ನಡುವೆ, ಸುತ್ತಲಿನ ಬಡಗರ ಹಟ್ಟಿಗಳವರು ಸೇರಿ ಕಟ್ಟಿದ ಒಂದು ಹೈಸ್ಕೂಲಿತ್ತು. ನಾನು ಅಲ್ಲಿ ಗಣಿತದ ಮೇಷ್ಟ್ರು. ಹತ್ತನೇ ತರಗತಿ ಮುಗಿದರೆ ಹನ್ನೊಂದಕ್ಕೆ, ಅಂದರೆ ಪ್ಲಸ್ ಒನ್‌ಗೆ ಮಕ್ಕಳು ಕೆಳಗಿನ ಊರಿಗೆ ಎರಡು ಬಸ್ಸು ಬದಲಿಸಿ ಹೋಗಬೇಕು. ಗಂಡುಮಕ್ಕಳು ಹೋಗುತ್ತಿದ್ದರು. ಹೆಣ್ಣುಮಕ್ಕಳನ್ನು "ಮಂಜಲ್ಲಿ ಬಸ್ಸು ಯಾವಾಗ ಬರುತ್ತೋ, ಕಾಡೆಮ್ಮೆ ಯಾವಾಗ ಅಡ್ಡ ಬರುತ್ತೋ" ಎಂದು ಮನೆಯಲ್ಲಿ ಉಳಿಸಿಕೊಂಡು, ಸೊಪ್ಪು ಕೊಯ್ಯಲು ಟೀ ತೋಟಕ್ಕೆ ಇಳಿಸುತ್ತಿದ್ದರು. ನಮ್ಮ ಹೆಡ್‌ಮಿಸ್ಟ್ರೆಸ್ ಮಂಗೈಯರ್ಕರಸಿ ಟೀಚರಿಗೆ ಅದೇ ಸಂಕಟ. ಅವರ ಕನಸು ಒಂದೇ: ನಮ್ಮಲ್ಲೇ ಪ್ಲಸ್ ಒನ್ ಕಂಪ್ಯೂಟರ್ ಗ್ರೂಪು ತೆರೆಯಬೇಕು. ಅದಕ್ಕೆ ಮಂಜೂರಾತಿ ಬೇಕು. ಮಂಜೂರಾತಿಗೆ ನಡೆಯುವ ಕಂಪ್ಯೂಟರ್ ಲ್ಯಾಬು ಬೇಕು. ಲ್ಯಾಬಿಗೆ ಒಬ್ಬ ಉಸ್ತುವಾರಿ ಬೇಕು. ಇಡೀ ಶಾಲೆಯಲ್ಲಿ ಸ್ವಂತ ಕ್ಯಾಲ್ಕುಲೇಟರ್ ಇದ್ದವನು ನಾನೊಬ್ಬನೇ.

ಒಂದು ಎಸ್ಟೇಟಿನ ಆಫೀಸಿನವರು ಎಸೆಯಲು ಹೊರಟಿದ್ದ ಎಂಟು ಕಂಪ್ಯೂಟರು ಕೊಟ್ಟರು. ಹಟ್ಟಿಯವರು ಚಂದಾ ಎತ್ತಿ ಒಂದು ಹೊಸದು ಕೊಂಡರು. ಅಲ್ಲಿಗೆ ಚಂದಾ ಮುಗಿಯಿತು. ಒಂಬತ್ತಕ್ಕೂ ಸಾಫ್ಟ್‌ವೇರಿನ ಲೈಸೆನ್ಸು ಕೊಳ್ಳುವ ಮಾತು ಬಂದಾಗ ಎಲ್ಲರೂ ಕಿಟಕಿಯಾಚೆ ನೋಡತೊಡಗಿದರು. ಆಗ ಎದ್ದು ನಿಂತವರು ಭೋಜಣ್ಣ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾಗಿ, ಒಂದೂವರೆ ಎಕರೆ ಟೀ ನೋಡಿಕೊಂಡಿದ್ದವರು. ತಲೆಗೆ ಬಿಳಿ ರುಮಾಲು, ಕೈಯಲ್ಲಿ ಯಾವುದೋ ಕಂಪ್ಯೂಟರ್ ಪತ್ರಿಕೆಯ ಜತೆ ಬಂದ ಸಿಡಿಗಳು.

"ಇದು ಲಿನಕ್ಸು. ದುಡ್ಡು ಬೇಡ. ಹೊಸ ಮಿಷನ್ನು ಸರ್ವರ್ ಆಗಲಿ, ಹಳೇ ಎಂಟೂ ಅದರ ತಲೆಯಿಂದಲೇ ಯೋಚನೆ ಮಾಡಲಿ."

ಅವರ ಬಡಗ ನುಡಿ, ನನ್ನ ಕನ್ನಡ, ಎರಡೂ ಎಡವಿದ ಕಡೆ ತಮಿಳು, ಹೀಗೆ ನಮ್ಮ ಸಂಭಾಷಣೆ. ಇಲ್ಲಿ ಎಲ್ಲವನ್ನೂ ನನ್ನ ಕನ್ನಡಕ್ಕೇ ತಂದು ಬರೆಯುತ್ತಿದ್ದೇನೆ.

"ಪುಕ್ಕಟೆ ಸಿಗೋದನ್ನ ನಂಬೋದು ಹೇಗೆ ಭೋಜಣ್ಣ?" ಅಂದೆ.

"ನಿಮ್ಮ ತಾತ ನಂಜನಾಡಿನಲ್ಲಿ ಆಲೂಗಡ್ಡೆ ಬೆಳೀತಿದ್ದರಲ್ಲ, ಕೀಳೋ ಕಾಲಕ್ಕೆ ಅಕ್ಕಪಕ್ಕದವರು ಬರ್ತಿದ್ದರಾ?"

"ಬರ್ತಿದ್ದರು. ಮುಯ್ಯಾಳು. ಇವತ್ತು ಅವರು ನಮ್ಮ ಹೊಲಕ್ಕೆ, ನಾಳೆ ನಾವು ಅವರ ಹೊಲಕ್ಕೆ."

"ಕೂಲಿ ಕೊಟ್ಟಿಲ್ಲ ಅಂತ ಆಲೂಗಡ್ಡೆ ಅರ್ಧ ಬಿಟ್ಟು ಹೋದರಾ? ಇದೂ ಹಾಗೇ. ಲೋಕದ ಮೇಲೆ ಎಲ್ಲೆಲ್ಲೋ ಕೂತವರು ಮುಯ್ಯಿಗೆ ಬಂದು ಮಾಡಿಟ್ಟಿದ್ದಾರೆ. ನಿಮ್ಮ ಸರದಿ ಬಂದಾಗ ನೀವು ಹೋಗಬೇಕು, ಅಷ್ಟೇ."

ನನ್ನ ಚಿಂತೆ ಅಲ್ಲೇ ಎರಡು ಮರಿ ಹಾಕಿತು. ಪುಕ್ಕಟೆ ಅಂದುಕೊಂಡದ್ದಕ್ಕೆ ಸರದಿ ಬೇರೆ ಇದೆ!

ಆ ವರ್ಷವೆಲ್ಲ ಅದರ ಜತೆ ಸಂಸಾರ ಮಾಡಿದ ಮೇಲೆ ನನಗೆ ತಿಳಿದದ್ದನ್ನು ಹೇಳುತ್ತೇನೆ, ಕೇಳಿ. ಎಂಟು ಮುದಿ ಯಂತ್ರಗಳು ಎದ್ದು ಕೂತವು, ಅದು ಸುಳ್ಳಲ್ಲ. ಮಕ್ಕಳ ಫ್ಲಾಪಿಯಲ್ಲಿ ಬರುತ್ತಿದ್ದ ವೈರಸ್ಸುಗಳು ನಮ್ಮ ಲ್ಯಾಬಿಗೆ ಬಂದು, ಇಲ್ಲಿ ತಮ್ಮ ಭಾಷೆ ಯಾರಿಗೂ ತಿಳಿಯದೆಂದು ಹಿಂತಿರುಗುತ್ತಿದ್ದವು. ಆದರೆ ಪ್ರಿಂಟರಿಗೂ ಅದರ ಭಾಷೆ ತಿಳಿಯುತ್ತಿರಲಿಲ್ಲ. ಒಂದು ಪುಟ ಕೇಳಿದರೆ ಅರ್ಧ ಪುಟ ಅಕ್ಷರ, ಅರ್ಧ ಪುಟ ಇರುವೆ ಸಾಲು. ಪರದೆಯ ಮೇಲೆ ತಮಿಳು ಬರೆದರೆ ಕೊಂಬು ಒಂದು ಕಡೆ, ಅಕ್ಷರ ಒಂದು ಕಡೆ. ಇವೆಲ್ಲಕ್ಕಿಂತ ದೊಡ್ಡ ಕೊರತೆ ಬೇರೆ: ಕೆಟ್ಟರೆ ಬೈಯಲು ಯಾರೂ ಇಲ್ಲ. ದುಡ್ಡು ಕೊಟ್ಟು ತಂದದ್ದಾದರೆ ಅಂಗಡಿಗೆ ಫೋನು ಮಾಡಿ ನಾಲ್ಕು ಮಾತು ಆಡಬಹುದು. ಯಂತ್ರ ಸರಿಹೋಗದಿದ್ದರೂ ಮನಸ್ಸು ಹಗುರಾಗುತ್ತದೆ. ಇಲ್ಲಿ ಯಾರನ್ನು ಬೈಯುವುದು? ಮುಯ್ಯಿಗೆ ಬಂದವರನ್ನು ಬೈದವರುಂಟೇ? ನನ್ನಂಥ ಚಿಂತೆಗಾರನಿಗೆ ಇದು ಬಲು ದುಬಾರಿಯ ಪುಕ್ಕಟೆ.

ಹಾಗಾಗಿ ನಾನು ಕಾಪಾಡುವ ಕೆಲಸಕ್ಕೆ ನಿಂತೆ. ಜುಲೈ ತಿಂಗಳಲ್ಲಿ ಮಂಜು ತರಗತಿಯೊಳಗೇ ಬಂದು ಬೆಂಚಿನ ಮೇಲೆ ಕೂರುವ ಊರದು. ಕೋಳಿಮರಿಗಳಿಗೆ ಇಡುವ ಹಾಗೆ ಸರ್ವರಿನ ಪಕ್ಕ ಒಂದು ಬಲ್ಬು ಉರಿಸಿಟ್ಟೆ. ಮೇಲೊಂದು ಹಳೆಯ ಕಂಬಳಿ ಹೊದಿಸಿದೆ. "ಅದಕ್ಕೇನು ಹೆರಿಗೆಯಾಗಿದೆಯಾ ಮೇಷ್ಟ್ರೆ?" ಎಂದು ಭೋಜಣ್ಣ ಕಂಬಳಿ ತೆಗೆದು ಮಡಿಸಿಟ್ಟರು. "ಅದಕ್ಕೆ ಚಳಿ ಒಳ್ಳೇದು. ಅದು ಕೇಳೋದು ಒಂದೇ ಮರ್ಯಾದೆ. ಆರಿಸೋ ಮುಂಚೆ ಅದಕ್ಕೆ ಹೇಳಬೇಕು. ಶಟ್‌ಡೌನ್ ಅಂತ ಬರೆದು, ಅದು ಬರಹಗಳನ್ನೆಲ್ಲ ಒಳಗಿಟ್ಟು, ಆಯ್ತು ಅನ್ನೋವರೆಗೆ ಕಾಯಬೇಕು. ಸುಮ್ಮನೆ ಪ್ಲಗ್ ಕೀಳಬಾರದು." ಸಿಡಿಯ ಮೇಲೆ "ಹೆದರಬೇಡಿ" ಎಂದು ಬರೆದು ನನ್ನ ಮೇಜಿನ ಮೇಲಿಟ್ಟದ್ದು ಅವತ್ತೇ.

ಇನ್‌ಸ್ಪೆಕ್ಷನ್ ದಿನ ಗೊತ್ತಾಯಿತು. ಹಿಂದಿನ ದಿನ ಸಂಜೆ ನಾಲ್ಕರವರೆಗೆ ಹತ್ತನೇ ತರಗತಿಯ ಹುಡುಗಿಯರು ಕೂತು ಅಧಿಕಾರಿಗಳಿಗೆ ತೋರಿಸಲೆಂದು ತಂತಮ್ಮ ಹಟ್ಟಿಯ ಬಗ್ಗೆ ಒಂದು ಪುಟ ಇಂಗ್ಲಿಷು, ಒಂದು ಪುಟ್ಟ ಪ್ರೋಗ್ರಾಮು ಬರೆದಿಟ್ಟು ಹೋದರು. ನಾನು ಬೀಗ ಹಾಕುವ ಹೊತ್ತಿಗೆ ದೊಡ್ಡಬೆಟ್ಟದ ಕಡೆ ಗುಡುಗಿತು. ಗುಡುಗಿದರೆ ಬೆಟ್ಟದ ಜನ ಏನು ಮಾಡುತ್ತೇವೆ? ಟಿವಿ, ರೇಡಿಯೋ, ಗ್ರೈಂಡರು, ಕೈಗೆ ಸಿಕ್ಕ ಪ್ಲಗ್ಗೆಲ್ಲ ಕೀಳುತ್ತೇವೆ. ಕೈಗೆ ಅದು ಹುಟ್ಟಿನಿಂದ ಬಂದ ಬುದ್ಧಿ. ನನ್ನ ಕೈ ಸರ್ವರಿನ ಪ್ಲಗ್ಗನ್ನು ಕಿತ್ತಿತು. ಕಿತ್ತಾದ ಮೇಲೆ ತಲೆಗೆ ನೆನಪಾಯಿತು.

ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಿದರೆ ಕಪ್ಪು ಪರದೆ. ಡಿಸ್ಕಿನಲ್ಲಿ ಗಲಿಬಿಲಿಯಾಗಿದೆ, ಮನುಷ್ಯರು ಯಾರಾದರೂ ಪಕ್ಕದಲ್ಲಿ ಕೂತು ಸರಿಮಾಡಿಸಬೇಕು, ಪಾಸ್‌ವರ್ಡ್ ಕೊಡಿ ಎಂದು ಒಂದೇ ಹಟ. ಭೋಜಣ್ಣನಿಗೆ ಹೇಳಿಕಳಿಸೋಣವೆಂದರೆ ಅವರು ಬೆಳಗಾಗುವುದರೊಳಗೆ ದೂರದ ಹಟ್ಟಿಗೆ ಸಾವಿಗೆ ಹೋಗಿದ್ದರು. ಬಡಗರಲ್ಲಿ ಸಾವಿಗೆ ಹೋದವರನ್ನು ಕಂಪ್ಯೂಟರಿಗಾಗಿ ಕರೆಯುವುದುಂಟೇ?

"ಮೇಷ್ಟ್ರೇ, ಇವತ್ತು ತಪ್ಪಿದರೆ ಈ ಹುಡುಗಿಯರ ಸರದಿ ತಪ್ಪಿದ ಹಾಗೆ," ಎಂದರು ಹೆಡ್‌ಮಿಸ್ಟ್ರೆಸ್. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಡೆಗೊರಗಿ ನಿಂತ ಹನ್ನೊಂದು ಹುಡುಗಿಯರು ನನ್ನನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಅಧಿಕಾರಿಗಳು ಬಂದೇಬಿಟ್ಟರು. ಒಬ್ಬರೇ, ಬಯಲುಸೀಮೆಯವರು, ಮಂಕಿ ಟೋಪಿ, ಅದರ ಮೇಲೆ ಮಫ್ಲರು, ಅದರ ಮೇಲೆ ಟವೆಲು. ಕಣ್ಣು ಮೂಗು ಮಾತ್ರ ಇನ್‌ಸ್ಪೆಕ್ಷನ್ನಿಗೆ ಬಂದಿದ್ದವು. ಪರದೆ ನೋಡಿ ತಮಿಳಿನಲ್ಲಿ ಕೇಳಿದರು: "ಆ ಹಸಿರು ಗುಡ್ಡ ಎಲ್ಲಿ?"

ಎಲ್ಲರ ಕಂಪ್ಯೂಟರಿನಲ್ಲೂ ಹಚ್ಚಿದೊಡನೆ ಬರುವ ಚಿತ್ರವನ್ನು ಅವರು ಕೇಳಿದ್ದೆಂದು ನನಗೆ ಆಮೇಲೆ ಹೊಳೆಯಿತು. ಆಗ ನಾನು ಕಿಟಕಿ ತೋರಿಸಿ, "ಅಲ್ಲೇ ಇದೆ ಸಾರ್, ಮಂಜು ಸರಿದರೆ ಕಾಣುತ್ತೆ" ಅಂದೆ.

ಹುಡುಗಿಯರು ಕಿಸಕ್ಕೆಂದರು. ಅಧಿಕಾರಿಗಳು ಕುರ್ಚಿ ಎಳೆದು ನನ್ನ ಪಕ್ಕದಲ್ಲೇ ಕೂತರು. ಬೇರೆ ದಾರಿ ಇರಲಿಲ್ಲ. ಊಟದ ಡಬ್ಬಿಯ ಮುಚ್ಚಳದ ಒಳಗೆ ಬರೆದು ಅಂಟಿಸಿಟ್ಟಿದ್ದ ಪಾಸ್‌ವರ್ಡನ್ನು, ಚಿತ್ರಾನ್ನದ ವಾಸನೆಯ ಸಮೇತ, ಎಲ್ಲರೆದುರು ಓದಿ ಒತ್ತಿದೆ. ಭೋಜಣ್ಣ ಒಮ್ಮೆ ಹೇಳಿಕೊಟ್ಟಿದ್ದ ರಿಪೇರಿಯ ಆಜ್ಞೆ ನೋಟ್‌ಬುಕ್ಕಿನಲ್ಲಿತ್ತು, ಅದನ್ನೂ ಬರೆದೆ. ಯಂತ್ರ ಪ್ರಶ್ನೆ ಕೇಳತೊಡಗಿತು. ಇಲ್ಲೊಂದು ಲೆಕ್ಕ ತಪ್ಪಿದೆ, ತಿದ್ದಲೇ? ಇಲ್ಲೊಂದು ಹೆಸರಿಲ್ಲದ ಕಡತ ಸಿಕ್ಕಿದೆ, ಕಳೆದುಹೋದವರ ಪೆಟ್ಟಿಗೆಗೆ ಹಾಕಲೇ? ಹೌದಾದರೆ ವೈ, ಇಲ್ಲವಾದರೆ ಎನ್.

ಹುಟ್ಟಿದಾಗಿನಿಂದ "ನೋಡೋಣ" ಅಂದವನಿಗೆ ಇಂಥ ಶಿಕ್ಷೆ! "ನೋಡೋಣ"ಕ್ಕೆ ಅಲ್ಲಿ ಕೀಲಿಯೇ ಇಲ್ಲ. ಬೆರಳು ಗಾಳಿಯಲ್ಲಿ ನಿಂತಿತು.

"ಪೋಡುಂಗ ಸಾರ್, ವೈ ಪೋಡುಂಗ," ವೈ ಹಾಕಿ ಅಂದರು ಅಧಿಕಾರಿಗಳು, ಮಫ್ಲರ್ ಸಡಿಲಿಸುತ್ತ. ಒತ್ತಿದೆ. ಇನ್ನೊಂದು ಪ್ರಶ್ನೆ. ಒತ್ತಿದೆ. ಟೀ ಬಂತು, ಲೋಟ ಖಾಲಿಯಾಯಿತು, ಪ್ರಶ್ನೆ ಮುಗಿಯಲಿಲ್ಲ. ಅವರಿಗೆ ರುಚಿ ಹತ್ತಿತು. "ನಮ್ಮ ಆಫೀಸಿನದು ಕೆಟ್ಟರೆ ಸುಮ್ಮನೆ ನಿಂತುಬಿಡುತ್ತೆ, ಏನಾಯ್ತು ಅಂತಲೂ ಬಾಯಿ ಬಿಡಲ್ಲ. ಇದು ತನ್ನ ಕಷ್ಟ ಹೇಳಿಕೊಂಡು, ಅಪ್ಪಣೆ ಬೇರೆ ಕೇಳುತ್ತಲ್ಲ!" ನನಗೂ ಅದು ಆಗಲೇ ಹೊಳೆದದ್ದು. ಇಷ್ಟು ದಿನ ನಾನು ಕೊರತೆಯೆಂದುಕೊಂಡದ್ದು, ಈ ಎಲ್ಲದಕ್ಕೂ ನಮ್ಮನ್ನೇ ಕೇಳುವ ಕಾಟ, ಅದೇ ಅದರ ಗುಣ. ಬೈಯಲು ಯಾರೂ ಇಲ್ಲದ ಕಡೆ ಮುಚ್ಚಿಡಲೂ ಯಾರೂ ಇಲ್ಲ.

ಯಂತ್ರ ಎದ್ದಿತು. ಎಂಟೂ ಮುದಿಯಂತ್ರಗಳು ಕಣ್ಣು ಬಿಟ್ಟವು. ಆದರೆ ಹುಡುಗಿಯರ ಕೆಲಸ? ಅವರವರ ಹೆಸರಿನಲ್ಲಿ ಏನೂ ಇಲ್ಲ. ಎಲ್ಲ ಆ ಕಳೆದುಹೋದವರ ಪೆಟ್ಟಿಗೆಯಲ್ಲಿ, ಹೆಸರು ಅಳಿಸಿ ಬರೀ ನಂಬರು ಹೊತ್ತು ಬಿದ್ದಿತ್ತು. ನಾನು ಕೈಚೆಲ್ಲಿದೆ. ಆಗ ಗೋಡೆಗೊರಗಿದ್ದ ಸುಮತಿ ಮುಂದೆ ಬಂದಳು.

"ಒಂದೊಂದಾಗಿ ತೆಗೀತೀನಿ ಸಾರ್. ಯಾರದು ಅಂತ ನಾವೇ ಹೇಳ್ತೀವಿ."

ತೆಗೆದಳು. "ಇದು ಕಮಲಾದು ಸಾರ್, ಸಾಲಿಗೆ ಮೂರು ಆಶ್ಚರ್ಯ ಚಿಹ್ನೆ ಹಾಕೋಳು ಅವಳೇ." "ಇದು ರಾಧೀದು, ಅವಳ ಹಟ್ಟಿ ಬಿಟ್ಟು ಎಲ್ಲಾ ಹಟ್ಟೀನೂ ಹೊಗಳಿದಾಳೆ." "ಈ ಪ್ರೋಗ್ರಾಮು ನಂದಲ್ಲಪ್ಪ, ನಂದು ಓಡ್ತಿತ್ತು!" "ಓಡ್ತಿತ್ತಾ? ನಿನ್ನೆ ನಾನೇ ತಳ್ಳಿದ್ದು ಕಣೇ!" ಒಬ್ಬಳು ಓದಿದರೆ ಇನ್ನೊಬ್ಬಳು ಗುರುತು ಹಿಡಿಯುತ್ತಾಳೆ, ಮೂರನೆಯವಳು ಆಜ್ಞೆ ಬರೆದು ಹೆಸರು ಕೊಟ್ಟು ಅದರ ಮನೆಗೆ ಕಳಿಸುತ್ತಾಳೆ. ಅಧಿಕಾರಿಗಳು ಟೋಪಿ ತೆಗೆದೇಬಿಟ್ಟರು. ಕೇಳಿದ್ದಕ್ಕೆಲ್ಲ ಹುಡುಗಿಯರು ಉತ್ತರ ಹೇಳಿದರು. ನಾನು ಹೇಳಿಕೊಡದ್ದನ್ನೂ ಹೇಳಿದರು.

ಕೊನೆಗೊಂದು ಕಡತ ಉಳಿಯಿತು. ಯಾರೂ ನನ್ನದೆನ್ನಲಿಲ್ಲ. ಸುಮತಿ ಗಟ್ಟಿಯಾಗಿ ಓದಿದಳು: "ನಾಳೆ ತಪ್ಪಬಹುದಾದ ಸಂಗತಿಗಳು. ಒಂದು, ಇಲಿ. ಎರಡು, ಮಂಜು. ಮೂರು, ಹುಡುಗಿಯರ ಬಾಯಿ ಕಟ್ಟುವುದು. ನಾಲ್ಕು, ಬರುವ ಅಧಿಕಾರಿ ಸಿಡುಕನಾಗಿದ್ದರೆ..." ಅಲ್ಲಿಗೆ ನಿಲ್ಲಿಸಿ ತುಟಿ ಕಚ್ಚಿದಳು. ಆ ಕಡತ ಯಾರದೆಂದು ಹನ್ನೊಂದು ಹುಡುಗಿಯರಿಗೂ ಒಟ್ಟಿಗೆ ಗೊತ್ತಾಯಿತು.

ಅಧಿಕಾರಿಗಳು ನನ್ನ ಕಡೆ ತಿರುಗಿದರು. "ಎಲ್ಲಾ ಬರೆದಿದ್ದೀರಿ ಸಾರ್. ಒಂದು ಬಿಟ್ಟಿದ್ದೀರಿ. ಮಾಸ್ಟರು ಪ್ಲಗ್ ಕೀಳುವುದು."

ಮಂಜೂರಾತಿ ಬಂತು. ಮುಂದಿನ ಜೂನಿನಲ್ಲಿ ಹನ್ನೊಂದರಲ್ಲಿ ಒಂಬತ್ತು ಹುಡುಗಿಯರು ನಮ್ಮಲ್ಲೇ ಪ್ಲಸ್ ಒನ್‌ಗೆ ಕೂತರು. ಸಾವಿನ ಮನೆಯಿಂದ ಹಿಂತಿರುಗಿದ ಭೋಜಣ್ಣ ನನ್ನ ಪ್ರತಾಪವನ್ನೆಲ್ಲ ಕೇಳಿ, ರುಮಾಲು ಬಿಚ್ಚಿ ಕಣ್ಣೊರೆಸಿಕೊಂಡು ನಕ್ಕರು. "ಅಲ್ಲ ಮೇಷ್ಟ್ರೆ, ಅಷ್ಟು ಸಲ ಯಾಕೆ ಒತ್ತಿದಿರಿ? ಶುರುವಲ್ಲೇ ಆಜ್ಞೆಯ ಹಿಂದೆ ಒಂದು ಅಡ್ಡಗೆರೆ, ಒಂದು ವೈ ಹಾಕಿದ್ದರೆ ಮುಗೀತಿತ್ತು. ಎಲ್ಲದಕ್ಕೂ ಹೂಂ ಅಂತ ಒಂದೇ ಸಲ ಹೇಳಿದ ಹಾಗೆ. ಆಮೇಲೆ ಅದು ಏನೂ ಕೇಳಲ್ಲ."

ಇನ್ನು ಸುಮತಿಯ ಸಂದೇಶ. ಅವಳೀಗ ಅದೇ ಶಾಲೆಯಲ್ಲಿ ಟೀಚರು. ಬರೆದಿದ್ದಾಳೆ: "ಸಾರ್, ಯಾರೋ ಬಿಟ್ಟುಕೊಟ್ಟ ಹಳೇ ಮಿಷನ್ನು ಹತ್ತು ಬಂದಿವೆ. ಸರ್ವರ್ ಕೂರಿಸಬೇಕು. ಯಾವುದಾದರೂ ಒಂದು ಶನಿವಾರ ಬರ್ತೀರಾ? ಮಕ್ಕಳಿಗೆ ನಾಲ್ಕು ಮಾತು ಹೇಳ್ತೀರಾ? ಮಧ್ಯಾಹ್ನ ನಮ್ಮ ಹಟ್ಟೀಲೇ ಊಟ ಮಾಡ್ತೀರಾ? ಭೋಜ ಅಜ್ಜನ ಸಿಡಿ ಇದ್ದರೆ ತರ್ತೀರಾ, ತೋರಿಸೋಕೆ?" ಮೂರು ವಾರದಿಂದ ನಾನು ಒಂದೊಂದು ಪ್ರಶ್ನೆಗೂ ಬೇರೆಬೇರೆಯಾಗಿ ಚಿಂತಿಸುತ್ತಿದ್ದೆ. ಮರೆತುಹೋಗಿದೆ, ಮಂಡಿನೋವಿದೆ, ಈಗಿನ ಮಕ್ಕಳು ನನಗಿಂತ ಬಲ್ಲವರು, ಶನಿವಾರ ಮಳೆಯಂತೆ.

ನಿನ್ನೆ ಆ ಪಿಕಳಾರವನ್ನು ಎಬ್ಬಿಸಿ, ದಾರ ಬಿಚ್ಚಿ, ಸಿಡಿಯನ್ನು ಪಂಚೆಯಂಚಿನಲ್ಲಿ ಒರೆಸಿಕೊಂಡೆ. "ಅದ್ಯಾಕ್ರೀ ಅದೊಂದನ್ನ ಬಿಚ್ತೀರಿ?" ಎಂದಳು ಹೆಂಡತಿ, ಅಡುಗೆಮನೆ ಬಾಗಿಲಿನಿಂದ.

"ನನ್ನ ಸರದಿ ಬಂದಿದೆ," ಅಂದೆ.

ಮೊಬೈಲು ತೆಗೆದು ಸುಮತಿಗೆ ಉತ್ತರ ಬರೆದೆ. ಒಂದು ಅಡ್ಡಗೆರೆ, ಅದರ ಪಕ್ಕ ಒಂದು ವೈ.