ಕಾಲಿಂಗ್ ಬೆಲ್ಲಿನ ಹಾರ್ನು

ಕಾರಿನ ಬಾಗಿಲು ತೆಗೆದ ಕೂಡಲೇ ಒಣಮೀನಿನ ವಾಸನೆ ಬಂತು. ಆರು ವರ್ಷ ಶೆಡ್ಡಿನಲ್ಲಿ ನಿಂತ ಅಂಬಾಸಿಡರ್. ಸೀಟಿನ ಸ್ಪಂಜನ್ನು ಇಲಿ ತಿಂದಿತ್ತು, ವಾಸನೆಯನ್ನು ಮಾತ್ರ ಯಾರೂ ತಿಂದಿರಲಿಲ್ಲ. ನನಗೇನೂ ನಾಚಿಕೆ ಆಗಲಿಲ್ಲ. ಆ ಮೀನು ಹೊತ್ತು ತಂದವಳು ನಾನು, ತಿಂದವರು ಗಾಡಿಯ ಯಜಮಾನಿ.

ಯಾರು ಎಂತ ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ನಡುವಿನಲ್ಲಿ ಕೇಳುತ್ತೀರಿ. ಯಜಮಾನಿ ಎಂದರೆ ಉರ್ವದ ಬಾಯಮ್ಮ. ನರ್ಸ್ ಆಗಿದ್ದು ರಿಟೈರ್ ಆದವರು, ಮದುವೆ ಆಗಲಿಲ್ಲ. ನಾನು ಅವರ ಅಡುಗೆಯವಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅಕ್ಷರ ಅಡ್ಡಾದಿಡ್ಡಿ ಹೋದರೆ ನೀವೇ ಸರಿ ಮಾಡಿಕೊಂಡು ಓದಿ. ಬಾಯಮ್ಮನಿಗೆ ಮನೆಯಲ್ಲಿ ಕೂತು ಗೊತ್ತಿರಲಿಲ್ಲ. ಹಾಸಿಗೆ ಹಿಡಿದವರ ಗಾಯ ತೊಳೆದು ಬಟ್ಟೆ ಕಟ್ಟಲಿಕ್ಕೆ ದೇರೆಬೈಲಿನಿಂದ ಉಳ್ಳಾಲದವರೆಗೂ ಆ ಗಾಡಿ ಓಡಿಸಿಕೊಂಡು ಹೋಗುತ್ತಿದ್ದರು. ಔಷಧಿಯ ಚೀಲ ಮುಂದಿನ ಸೀಟಿನಲ್ಲಿ, ನಾನು ಮತ್ತು ಮೀನಿನ ಬುಟ್ಟಿ ಹಿಂದಿನ ಸೀಟಿನಲ್ಲಿ. ಮುಂದೆ ಬಾ ಎಂದು ಅವರು ಕರೆದದ್ದುಂಟು. ನಾನೇ ಹೋಗುತ್ತಿರಲಿಲ್ಲ. ಕೆಲಸದವಳು ಮುಂದೆ ಕೂತರೆ ಉರ್ವ ಮಾರ್ಕೆಟ್ಟಿಗೆ ನಾಲ್ಕು ದಿನದ ಮಾತಾಗುತ್ತದೆ.

ಒಂದು ದಿನ ಬಾಯಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ತೆಗೆದ ಮೇಲೆ ಕೈ ಒಣಗಿದ ಬೆಂಡೆಕಾಯಿಯ ಹಾಗಿತ್ತು, ಹಿಡಿದರೆ ಹಿಡಿತ ಇಲ್ಲ. ಗಾಡಿಯ ಹಳೆ ಸ್ಟೇರಿಂಗ್ ಬಳೆಯ ಹಾಗೆ ಸಪೂರ, ಬಿಸಿಲಿಗೆ ಬಿರುಕು ಬಿಟ್ಟದ್ದು. ಗಲ್ಫಿನಿಂದ ರಜೆಗೆ ಬಂದಿದ್ದ ಅವರ ತಮ್ಮ ಸಿರಿಲ್, ಕ್ರಿಸ್ತಾನ ಯಜಮಾನರನ್ನು ನಾವು ಮರ್ಯಾದೆಗೆ ಕರೆಯುವ ಹಾಗೆ ಪೊರ್ಬುಗಳು, ಒಂದೇ ಮಾತು ಹೇಳಿದರು: "ಅಕ್ಕ, ಗಾಡಿ ಮಾರುವ."

ಬಾಯಮ್ಮ ಜಗಳ ಮಾಡಲಿಲ್ಲ. "ಮೋನಪ್ಪನನ್ನು ಕರಿ" ಎಂದರು ನನಗೆ.

ಮೋನಪ್ಪ ಮೆಕ್ಯಾನಿಕ್. ಬಾಯಿ ಜೋರು, ಕೈ ಒಳ್ಳೆಯದು. ಗುಜರಿಯಿಂದ ಯಾವುದೋ ಜೀಪಿನ ದಪ್ಪ ಸ್ಟೇರಿಂಗ್ ತಂದು ಕೂರಿಸಿದ. ಅದರಲ್ಲಿ ನಡುವಿನಿಂದ ಬದಿಯವರೆಗೆ ಚಾಚಿದ ಹಾರ್ನಿನ ಪಟ್ಟಿ, ಹಿಡಿದ ಕೈ ಬಿಡದೆ ಹೆಬ್ಬೆರಳಲ್ಲೇ ಒತ್ತಬಹುದು. "ಇನ್ನು ನೀವು ಸಿಟಿ ಬಸ್ಸೂ ಓಡಿಸ್ಬಹುದು ಬಾಯಮ್ಮ" ಎಂದ.

ಪರೀಕ್ಷೆ ಮಾಡಲು ಪೊರ್ಬುಗಳು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತರು. ಗೇಟು ದಾಟಿ ಎಡಕ್ಕೆ ತಿರುಗಿದ್ದೇ ಹಾರ್ನು ತಾನಾಗಿ ಕೂಗಿತು. ನೇರ ಹೋದರೆ ಸುಮ್ಮನೆ. ಮತ್ತೆ ಎಡಕ್ಕೆ, ಮತ್ತೆ ಕೂಗು. ಇಗರ್ಜಿಯ ತಿರುವಿನಲ್ಲಿ ಎದುರಿಗೆ ಶವದ ಮೆರವಣಿಗೆ. ಅಲ್ಲಿ ಶುರುವಾದ ಕೂಗನ್ನು ಹಾರ್ನು ನಿಲ್ಲಿಸಲೇ ಇಲ್ಲ. ಪಾದ್ರಿಗಳು ಪ್ರಾರ್ಥನೆ ನಿಲ್ಲಿಸಿ ನೋಡಿದರು. ಬಾಯಮ್ಮ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಬೆವರುತ್ತಿದ್ದರು. ನಾನು ಇಳಿದು ಬಾನೆಟ್ ಎತ್ತಿ ಹಾರ್ನಿಗೆ ಹೋಗುವ ವಯರನ್ನು ಕಿತ್ತೆ. ಕೋಳಿಯ ಕರುಳು ಕೀಳುವುದಕ್ಕಿಂತ ಸುಲಭ.

"ಸತ್ತವನೇ ಎದ್ದು ಕೂರ್ತಿದ್ದ" ಎಂದರು ಪೊರ್ಬುಗಳು. "ಸಾಕು. ನಾನು ಹೋಗುದರೊಳಗೆ ಮಾರುವ."

ಹೋಗಲಿಕ್ಕೆ ಮೂರೇ ದಿನ ಇತ್ತು. ಮೋನಪ್ಪ ಸ್ಟೇರಿಂಗ್ ಬಿಚ್ಚಿ ನೋಡಿದ. ಸ್ಟೇರಿಂಗಿನ ಕಂಬದೊಳಗಿನ ವಯರು ಉಜ್ಜಿ ಉಜ್ಜಿ ಸಿಪ್ಪೆ ಹೋಗಿ ಕಬ್ಬಿಣಕ್ಕೆ ತಾಗುತ್ತಿತ್ತು. "ಇದಕ್ಕೆ ಸಾಮಾನು ಸಿಗ್ಲಿಕ್ಕೆ ತಿಂಗಳು ಬೇಕು" ಎಂದ.

"ಹಾರ್ನಿಲ್ಲದೆ ಗೇಟು ದಾಟ್ಲಿಕ್ಕೆ ನಾನು ಬಿಡುದಿಲ್ಲ" ಎಂದರು ಪೊರ್ಬುಗಳು.

ಮೋನಪ್ಪ ತಲೆ ಕೆರೆದ. ಆ ವಯರನ್ನು ಕತ್ತರಿಸಿದ, ಬೇರೆ ವಯರು ಎಳೆದ, ಮನೆಯ ಬಾಗಿಲಿಗೆ ಹಾಕುವ ಬಿಳಿ ಕಾಲಿಂಗ್ ಬೆಲ್ಲಿನ ಸ್ವಿಚ್ಚನ್ನು ಡ್ಯಾಶ್‌ಬೋರ್ಡಿನ ಎಡಗಡೆ ಎರಡು ಸ್ಕ್ರೂ ಹಾಕಿ ಕೂರಿಸಿದ.

"ಅಷ್ಟು ದೂರ ಒತ್ತುದು ಯಾರು, ನಿನ್ನ ಅಜ್ಜನಾ?" ಎಂದರು ಪೊರ್ಬುಗಳು.

ಬಾಯಮ್ಮ ನನ್ನನ್ನು ತೋರಿಸಿದರು. "ಇವಳುಂಟಲ್ಲ. ನನ್ನ ಎರಡು ಕೈ ಸ್ಟೇರಿಂಗಿಗೆ, ಗೇರಿಗೆ ಆಯ್ತು. ಮೂರನೇ ಕೈ ಇವಳದ್ದು."

ಹಾಗೆ ಗಾಡಿ ಉಳಿಯಿತು, ನಾನು ಮುಂದಿನ ಸೀಟಿಗೆ ಬಂದೆ. ಮೊದಲ ದಿನ ಬೆನ್ನು ತಾಗಿಸಲೇ ಇಲ್ಲ. ಮೀನು ಮಾರುವ ಸುಂದರಿ ಬಿಟ್ಟಾಳೆಯೇ? "ಎಂತ ಮಾರಾಯ್ತಿ, ಬಾಯಮ್ಮನನ್ನು ಡ್ರೈವರ್ ಇಟ್ಟುಕೊಂಡಿಯಾ?"

"ಹೌದು. ಹಾಳಾದ ಬಂಗುಡೆ ಕೊಟ್ರೆ ನಿನ್ನ ಕಿವಿಗೇ ಹಾರ್ನ್ ಹೊಡೀತೇನೆ" ಎಂದೆ. ನಾಲ್ಕು ದಿನ ಮಾತಾಡಿದರು, ಐದನೇ ದಿನ ಬಿಟ್ಟರು.

ಹಾರ್ನಿಗೂ ಒಂದು ಮರ್ಯಾದೆ ಉಂಟು. ನಮ್ಮ ತಿರುವಿನಲ್ಲಿ ಗುಳಿಗನ ಕಟ್ಟೆ. ಅದರೆದುರು ಹೋಗುವ ಡ್ರೈವರುಗಳು ಒಂದು ಸಲ ಹಾರ್ನ್ ಹೊಡೆದು ದೈವಕ್ಕೆ ಕೈ ಮುಗಿದ ಲೆಕ್ಕ ಮಾಡುತ್ತಾರೆ. ನಾನೂ ಬಾಯಮ್ಮನನ್ನು ಕೇಳದೆ ಹೊಡೆದೆ. ಬಾಯಮ್ಮ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: "ಮುಂದೆ ನಮ್ಮ ಶಿಲುಬೆ ಉಂಟು. ಅದಕ್ಕೂ ಒಂದು ಹೊಡಿ. ಪಕ್ಷಪಾತ ಬೇಡ." ಒಂಬತ್ತು ವರ್ಷ ಎರಡಕ್ಕೂ ಹೊಡೆದೆ. ಆಮೇಲೆ ಬಾಯಮ್ಮ ನಿದ್ದೆಯಲ್ಲೇ ಹೋದರು. ಒಳ್ಳೆಯ ಸಾವು. ಆ ದಿನದಿಂದ ಗಾಡಿ ಶೆಡ್ಡಿನಲ್ಲೇ.

ಈಗ ನೋಡಿ, ಮಾರುವ ಎಂದವರೇ ಊರಿಗೆ ಬಂದು ನೆಲೆಸಿ, ಅಕ್ಕನ ಗಾಡಿಯನ್ನು ಮೊದಲಿನ ಹಾಗೆ ಮಾಡಿಸುತ್ತಿದ್ದಾರೆ. ಸಪೂರ ಸ್ಟೇರಿಂಗ್ ಹುಡುಕಿ ತಂದಿದ್ದಾರೆ, ಹಾರ್ನ್ ಪುನಃ ಅದರಲ್ಲೇ ಬೇಕಂತೆ. ಅಷ್ಟು ವರ್ಷ ಹಾರ್ನ್ ಹೊಡೆದವಳು ನೀನು, ಯಾವುದು ಎಲ್ಲಿತ್ತು ಎಂದು ನಿನಗೇ ಗೊತ್ತು, ಬಾ ಎಂದರು. ಹೋದೆ. ತಲೆ ನರೆತ ಮೋನಪ್ಪ ಇಂಜಿನ್ ಸರಿ ಮಾಡಿ, ಹೊಸ ಬ್ಯಾಟರಿ ಕೂರಿಸಿ, ಕನ್ನಡಕ ಹಾಕಿ ಕೂತಿದ್ದ.

ಜೀಪಿನ ಸ್ಟೇರಿಂಗ್ ಬಿಚ್ಚುವ ಮೊದಲು ಪೊರ್ಬುಗಳು ಸುಮ್ಮನೆ ಅದರ ಪಟ್ಟಿ ಒತ್ತಿದರು. ಹಾರ್ನು ಕೂಗಿತು.

ನಾನು ಮೋನಪ್ಪನನ್ನು ನೋಡಿದೆ. "ಇದರ ವಯರು ಕತ್ತರಿಸಿದ್ದಿಯಲ್ಲ?"

"ಸಾಮಾನು ಸಿಕ್ಕಿದ ತಿಂಗಳೇ ಸರಿ ಮಾಡಿದ್ದೆ."

"ನನಗೆ ಯಾಕೆ ಹೇಳ್ಲಿಲ್ಲ?"

ಅವನು ಸ್ಕ್ರೂಡ್ರೈವರ್ ಒರೆಸಿದ. "ಬಾಯಮ್ಮ ಬೇಡ ಅಂದ್ರು. ಗೊತ್ತಾದ್ರೆ ಅವಳು ಪುನಃ ಹಿಂದೆ ಹೋಗಿ ಕೂರ್ತಾಳೆ ಮಾರಾಯ, ಅಂದ್ರು."

ನನಗೆ ಸಿಟ್ಟು ಬಂತು. ಹಾರ್ನಿಗೆ ಜನ ಇಲ್ಲವೆಂದು ಜ್ವರ ಬಂದ ದಿನವೂ ಹೋಗಿದ್ದೇನೆ. ಒಂಬತ್ತು ವರ್ಷ ಆ ಹೆಂಗಸು ತನ್ನ ಹೆಬ್ಬೆರಳಿನ ಕೆಳಗೆ ಇದ್ದದ್ದನ್ನು ಒಮ್ಮೆಯೂ ಒತ್ತಲಿಲ್ಲ, ದನ ಅಡ್ಡ ಬಂದಾಗಲೂ "ಹೊಡಿ, ಹೊಡಿ" ಎಂದು ನನ್ನ ಮೇಲೆಯೇ ಕೂಗಿದರು. ಕಳ್ಳಿ. ಆದರೆ ಸುಳ್ಳು ಹೇಳಿ ಪ್ರಯೋಜನ ಇಲ್ಲ. ಗೊತ್ತಾಗಿದ್ದರೆ ನಾನು ಹಿಂದೆ ಹೋಗಿ ಕೂರುತ್ತಿದ್ದೆ, ಅದೇ ದಿನ.

ಹೊಸ ಸ್ಟೇರಿಂಗ್ ಕೂತಿತು, ಹಾರ್ನಿನ ವಯರು ಸೇರಿತು, ಕಾಲಿಂಗ್ ಬೆಲ್ಲಿನ ಸ್ವಿಚ್ಚು ಹೋಯಿತು. ಅದು ಇದ್ದಲ್ಲಿ ಎರಡು ತೂತು. ಪೊರ್ಬುಗಳು ನನ್ನನ್ನು ಮನೆಗೆ ಬಿಡುತ್ತೇನೆ ಎಂದು ಹಿಂದಿನ ಬಾಗಿಲು ತೆಗೆದರು. ನಾನು ಮುಂದಿನ ಬಾಗಿಲು ತೆಗೆದು ಕೂತೆ, ಬೆನ್ನು ತಾಗಿಸಿ.

ಗುಳಿಗನ ಕಟ್ಟೆ ಬಂತು. ನನ್ನ ಹೆಬ್ಬೆರಳು ಆ ತೂತುಗಳ ಮೇಲೆ ಹೋಗಿ ಕೂತಿತ್ತು.

"ಹೊಡೀರಿ" ಎಂದೆ.

"ರಸ್ತೆಯಲ್ಲಿ ಯಾರೂ ಇಲ್ಲವಲ್ಲ?"

"ಹೊಡೀರಿ ಪೊರ್ಬುಗಳೇ."

ಹೊಡೆದರು. ಶಿಲುಬೆಯ ಹತ್ತಿರ ಬಂದಾಗ ಮತ್ತೆ ಹೊಡೀರಿ ಎಂದೆ.

"ಇದು ಎಂತಕ್ಕೆ?"

"ಪಕ್ಷಪಾತ ಬೇಡ" ಎಂದೆ.