ಹುಳದ ಮನೆಯ ಜಯಕ್ಕ

ಜಯಕ್ಕ ಒಂದು ಕಡೆ ಕೂತಿದ್ದನ್ನು ನಾನು ನೋಡಿದ್ದೇ ಕಡಿಮೆ. ಊಟವನ್ನೂ ನಿಂತೇ ಮಾಡುವವರು. ಮುದ್ದೆಯ ತಟ್ಟೆ ಎಡಗೈಯಲ್ಲಿ, ಕಣ್ಣು ಕಿಟಕಿಯಾಚೆ ಇರುವ, ರೇಷ್ಮೆ ಸಾಕುವ ಹುಳದ ಮನೆಯ ಮೇಲೆ. ಎರಡು ತುತ್ತು ನುಂಗಿ, ತಟ್ಟೆ ಕೆಳಗಿಟ್ಟು ಹೋಗಿ, ಅಲ್ಲಿ ಗೋಡೆಗೆ ನೇತುಹಾಕಿದ್ದ ಥರ್ಮಾಮೀಟರ್ ನೋಡಿಕೊಂಡು ಬಂದ ಮೇಲೆ ಮೂರನೇ ತುತ್ತು. “ಅಕ್ಕಾ, ಹುಳ ಎಲ್ಲಿಗೂ ಓಡಿಹೋಗಲ್ಲ, ಕೂತ್ಕೊಂಡು ಉಣ್ಣಿ” ಅಂದರೆ, “ಹುಳ ಓಡಲ್ಲ ಕಣಮ್ಮ, ಬಿಸ್ಲು ಓಡ್ತೈತೆ” ಎನ್ನುತ್ತ ಮತ್ತೆ ಹೊರಟುಬಿಡುತ್ತಿದ್ದರು.

ಅವರು ನನ್ನ ಗಂಡನ ಅಣ್ಣನ ಹೆಂಡತಿ. ತವರು ಗೌರಿಬಿದನೂರಿನ ಕಡೆ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯ ಪಕ್ಕದ ನಮ್ಮೂರಿಗೆ ಮದುವೆಯಾಗಿ ಬಂದಾಗ ರೇಷ್ಮೆಹುಳ ಕಂಡರೆ ಮೈ ಜುಮ್ಮೆನ್ನುತ್ತಿತ್ತಂತೆ. ಐದಾರು ವರ್ಷ ಕಳೆದು ನಾನು ಅದೇ ಮನೆಗೆ ಕಿರಿಯ ಸೊಸೆಯಾಗಿ ಬರುವ ಹೊತ್ತಿಗೆ, ಅವರಿಲ್ಲದೆ ಹುಳದ ಒಂದು ಬೆಳೆಯೂ ಗೂಡು ಕಟ್ಟುತ್ತಿರಲಿಲ್ಲ. ನಾನು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಹಾಗಾಗಿ ಅವರ ಬಾಯಲ್ಲಿ ಟೀಚರಮ್ಮ. ನಾಲ್ಕು ಜನರೆದುರು ಅನ್ನುವಾಗ ಅದರಲ್ಲಿ ಹೆಮ್ಮೆ ಇರುತ್ತಿತ್ತು, ಇಬ್ಬರೇ ಇದ್ದಾಗ ಗೇಲಿ.

ಬೆಳೆ ಇರುವ ತಿಂಗಳಲ್ಲಿ ಜಯಕ್ಕ ಮಲ್ಲಿಗೆ ಮುಡಿಯುತ್ತಿರಲಿಲ್ಲ, ಪೌಡರ್ ಹಚ್ಚುತ್ತಿರಲಿಲ್ಲ. ಹುಳಕ್ಕೆ ವಾಸನೆ ಆಗದು. ಬಾಗಿಲು ತೆಗೆದ ಕೂಡಲೇ ಮೂಗಿನಲ್ಲೇ ಅವರಿಗೆ ಗೊತ್ತಾಗುತ್ತಿತ್ತು, ಹಿಪ್ಪುನೇರಳೆ ಸೊಪ್ಪು ಹಳಸಿದೆಯೋ, ಗಾಳಿ ಸಾಲದೋ ಎಂದು. ಹುಳ ನಾಲ್ಕು ಸಲ ತಿನ್ನುವುದು ನಿಲ್ಲಿಸಿ, ಅಲುಗಾಡದೆ ಕೂತು ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳವನ್ನು ಯಾರೂ ಮುಟ್ಟಬಾರದು, ಜೋರಾಗಿ ಮಾತಾಡಲೂಬಾರದು. ಭಾವನವರು ಫೋನಿನಲ್ಲಿ ಕಿರುಚುತ್ತ ಬಂದರೆ ಜಯಕ್ಕ ಬಾಗಿಲಲ್ಲೇ ತಡೆಯುತ್ತಿದ್ದರು: “ರೀ, ಮಗು ಮಲಗಿರೋ ಮನೆ ಇದು, ರಸ್ತೇಲಿ ಮಾತಾಡ್ಕೊಂಡು ಬನ್ನಿ.”

ಆ ಮನೆಯಲ್ಲಿ ಅವರ ಮಾತು ನಡೆಯದ ವಿಷಯ ಒಂದೇ. ತಿಂಗಳಲ್ಲಿ ಮೂರು ದಿನ ಹೆಂಗಸರು ಆ ಹೊಸ್ತಿಲು ದಾಟುವಂತಿಲ್ಲ, ದಾಟಿದರೆ ಹುಳ ಕೆಡುತ್ತದೆ. ಅತ್ತೆಗೆ ಅವರ ಅತ್ತೆ ಹೇಳಿದ್ದಂತೆ. ಜಯಕ್ಕ ಈ ಕಟ್ಟಳೆಯನ್ನು ಒಮ್ಮೆಯೂ ಮುರಿದವರಲ್ಲ. ಆ ಮೂರು ದಿನ ಹೊರಗೆ ಕಿಟಕಿಯ ಬಲೆಗೆ ಮುಖ ಒತ್ತಿ ನಿಂತು, ಒಳಗಿದ್ದ ನಮಗೆ ಅಪ್ಪಣೆ ಕೊಡುತ್ತಿದ್ದರು. “ಆ ಮೂಲೇಲಿ ತೆಳ್ಳಗಾಯ್ತು ನೋಡು. ಅಲ್ಲಲ್ಲ, ಅದರ ಪಕ್ಕ. ಟೀಚರಮ್ಮ, ಪಾಠ ಮಾಡ್ದಂಗೆ ಅಲ್ಲ ಸೊಪ್ಪು ಹಾಕೋದು!” ನಾಲ್ಕನೇ ದಿನ ತಲೆಗೆ ನೀರು ಹುಯ್ದುಕೊಂಡವರೇ, ಕಾಫಿ ಕೂಡ ಕುಡಿಯದೆ ಒಳಗೆ ನುಗ್ಗುವರು.

ನಲವತ್ತೇಳರ ಸುಮಾರಿಗೆ ಅವರ ಮೈ ಹೇಳಿದ ಮಾತು ಕೇಳುವುದನ್ನು ಬಿಟ್ಟಿತು. ಎರಡು ತಿಂಗಳು ಏನೂ ಇಲ್ಲ, ಆಮೇಲೆ ಬಂದದ್ದು ಹದಿನೆಂಟು ದಿನವಾದರೂ ನಿಲ್ಲಲಿಲ್ಲ. ಹುಳದ ಬೆಳೆಯೇ ಇಪ್ಪತ್ತೆಂಟು ದಿನದ ಲೆಕ್ಕ. ಆ ಸಲ ಬೆಳೆಯ ಬಹುಪಾಲನ್ನು ಅವರು ಕಿಟಕಿಯಿಂದಲೇ ನೋಡಿದರು. ಮುಂದಿನ ಬೆಳೆಯಲ್ಲೂ ಹಾಗೆಯೇ ಅರ್ಧ. ಅದರ ಜೊತೆಗೆ ಸೆಕೆ. ಜನವರಿಯ ಚಳಿಯಲ್ಲಿ ನಾವೆಲ್ಲ ಸ್ವೆಟರ್ ಹಾಕಿಕೊಂಡಿದ್ದರೆ, ಹೆಗಲ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಅಂಗಳದಲ್ಲಿ ಶತಪಥ ತಿರುಗುತ್ತಿದ್ದರು. ಮುಖ ಕೆಂಪಾಗುತ್ತಿತ್ತು, ಕತ್ತಿನಿಂದ ನೀರು ಇಳಿಯುತ್ತಿತ್ತು, ಎರಡು ನಿಮಿಷ ಕಳೆದರೆ ಅದೇ ಮೈ ನಡುಗುತ್ತಿತ್ತು. “ಹುಳದ ಮನೇಲಿ ಎರಡು ಡಿಗ್ರಿ ಏರಿದ್ರೆ ಮನೆ ಮಂದಿಯೆಲ್ಲ ಗೋಣಿಚೀಲ ನೆನೆಸ್ಕೊಂಡು ಓಡಾಡ್ತೀರ. ನನಗೆ ದಿನಕ್ಕೆ ಹತ್ತು ಸಲ ಏರ್ತೈತೆ. ಒಬ್ಬರಾದ್ರೂ ಏನಮ್ಮ ಅಂತ ಕೇಳಿದ್ರಾ?” ಎಂದು ಒಂದು ದಿನ ಅಂಗಳದ ಮಧ್ಯೆ ನಿಂತು ಕೂಗಿದರು. ಭಾವ ಪೇಪರ್ ಮಡಿಸಿ ತೋಟದ ಕಡೆ ಹೊರಟರು.

ಅತ್ತೆ ಕೇಳಿದರು. ಆದರೆ ಅವರ ಹತ್ತಿರ ಇದ್ದದ್ದು ಒಂದೇ ಪರಿಹಾರ. “ಅಯ್ಯೋ ದೇವುಡಾ, ಗರ್ಭಕೋಶ ತೆಗೆಸಿಬಿಡೇ. ಪಕ್ಕದ ಬೀದಿಯೋರೆಲ್ಲ ತೆಗೆಸ್ಕೊಂಡು ಹಾಯಾಗಿದಾರೆ. ಆಮೇಲೆ ವರ್ಷವೆಲ್ಲ ಹುಳದ ಮನೇಲೇ ಇರು, ಯಾರು ಬೇಡ ಅಂತಾರೆ?” ಮಾತಿನ ತುದಿಯಲ್ಲಿದ್ದ ಆಸೆ ಜಯಕ್ಕನಿಗೆ ತಟ್ಟದೇ ಇರಲಿಲ್ಲ. ಆದರೂ ತಲೆ ಕೊಡವಿದರು. “ಕಾಲು ನೋವು ಅಂತ ಕಾಲು ತೆಗೆಸ್ತಾರಾ? ನನ್ನ ಮೈಯಲ್ಲಿರೋದು ನನ್ನದು ಅತ್ತೆ, ಇರ್ಲಿ ಬಿಡಿ.”

ಮುಂದೆ ಆದ ಎಡವಟ್ಟಿನಲ್ಲಿ ನನ್ನ ಪಾಲೂ ಇದೆ. ಎಂಟನೇ ತರಗತಿಗೆ ಹರೆಯದ ಪಾಠ ಮಾಡಿ ಬಂದ ದಿನ, ಹಿತ್ತಲಲ್ಲಿ ಸೊಪ್ಪು ಕತ್ತರಿಸುತ್ತಿದ್ದ ಜಯಕ್ಕನಿಗೆ ದೊಡ್ಡ ಪಂಡಿತೆಯಂತೆ ವಿವರಿಸಿದೆ: ಇದೆಲ್ಲ ಹಾರ್ಮೋನಿನ ಏರುಪೇರು ಅಕ್ಕ, ಹುಳ ಪೊರೆ ಬಿಡೋದು, ಹಣ್ಣಾಗೋದು, ಚಿಟ್ಟೆಯಾಗೋದು, ಅದಕ್ಕೂ ಹಾರ್ಮೋನೇ ಕಾರಣ. ಅವರು ಕುಡುಗೋಲು ನಿಲ್ಲಿಸಿ ನನ್ನನ್ನೇ ನೋಡಿದರು. ನಾನು ಅರ್ಥವಾಯಿತು ಅಂದುಕೊಂಡೆ. ಅರ್ಥವಾಗಿದ್ದು ಬೇರೆ. ಮೊದಲ ಕೆಲವು ಹುಳ ಹಣ್ಣಾಗಿ ನೂಲು ಬಿಡಲು ಸಿದ್ಧವಾದ ದಿನ, ಉಳಿದವೂ ಒಟ್ಟಿಗೆ ಹಣ್ಣಾಗಲಿ ಎಂದು ನಾವು ಸೊಪ್ಪಿನ ಮೇಲೆ ಒಂದು ಔಷಧಿ ಚಿಮುಕಿಸುತ್ತೇವೆ. ಹುಳದ ಹಾರ್ಮೋನಿನಂಥದ್ದೇ, ಆದರೆ ಗಿಡದಿಂದ ತೆಗೆದದ್ದು ಅದು. ಹಾಗೆ ಹೀಗೆ ಎಳೆದಾಡದೆ, ಒಂದೇ ದಿನದಲ್ಲಿ ಎಲ್ಲ ಹುಳವೂ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆ ಹತ್ತುತ್ತವೆ. ಮಾರನೇ ದಿನ ನಾನು ಶಾಲೆಯಿಂದ ಬಂದಾಗ ಜಯಕ್ಕ ಬಚ್ಚಲಲ್ಲಿ ವಾಂತಿ ಮಾಡುತ್ತಿದ್ದರು. ಗೋಡೆಯ ಗೂಡಿನಲ್ಲಿ ಆ ಔಷಧಿಯ ಬಾಟಲಿ ಕಾಲು ಭಾಗ ಖಾಲಿಯಾಗಿತ್ತು.

“ನೀನೇ ಅಲ್ವೇನೇ ಹೇಳಿದ್ದು, ಅದಕ್ಕೂ ಅದೇ ನನಗೂ ಅದೇ ಅಂತ? ಗಿಡದ್ದು ತಾನೆ, ಏನಾಗ್ತೈತೆ ಅಂತ ಮಜ್ಜಿಗೇಲಿ ಕಲೆಸ್ಕೊಂಡು ಕುಡಿದೆ. ಒಂದೇ ಏಟಿಗೆ ಮುಗೀಲಿ ಅಂತ” ಎಂದರು. ಸುಸ್ತಿನಲ್ಲೂ ಆ ದನಿಯಲ್ಲಿ ವಾದವಿತ್ತು. ನನಗೆ ನಗು ಬಂತು, ಹಿಂದೆಯೇ ಭಯ. ಬಾಟಲಿಯನ್ನು ಬ್ಯಾಗಿಗೆ ಹಾಕಿಕೊಂಡು, ಸಿಕ್ಕ ಆಟೋ ಹತ್ತಿಸಿ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದೆ.

ಅಲ್ಲಿನ ಡಾಕ್ಟರಮ್ಮ ಬಾಟಲಿ ತಿರುಗಿಸಿ ತಿರುಗಿಸಿ ಓದಿದರು. ಮೊದಲು ಹೊಟ್ಟೆ ನೋಡಿ, ಒಂದು ದಿನ ಇರಿಸಿಕೊಂಡು, ಅಪಾಯವಿಲ್ಲ ಎಂದ ಮೇಲೆ ಚೆನ್ನಾಗಿ ಬೈದರು. ಬೈದು ಮುಗಿಸಿದ ಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಮುಟ್ಟಿನ ಕಥೆಯನ್ನೆಲ್ಲ ಮೊದಲಿಂದ ಕೇಳಿದರು. ಜಯಕ್ಕನನ್ನು ಅಷ್ಟು ಹೊತ್ತು ಯಾರೂ ಕೇಳಿಸಿಕೊಂಡಿರಲಿಲ್ಲ. ಸ್ಕ್ಯಾನ್ ಆಯಿತು, ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾಯಿತು, ಎದೆಯ ಪರೀಕ್ಷೆಯೂ ಆಯಿತು. ಕೆಟ್ಟದ್ದೇನೂ ಇಲ್ಲ ಎಂದು ಗೊತ್ತಾಗುವವರೆಗೆ ಹತ್ತು ದಿನ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಓಡಾಡಿದೆವು.

ಆಮೇಲೆ ಡಾಕ್ಟರಮ್ಮ ಒಂದು ಜೆಲ್ಲು, ಒಂದು ಮಾತ್ರೆ ಬರೆದುಕೊಟ್ಟರು. “ಇದೂ ಸಹಜ ಹಾರ್ಮೋನೇ ಕಣ್ರಮ್ಮ. ಸಹಜ ಅಂದ್ರೆ ಗಿಡದ್ದು ಅಂತ ಅಲ್ಲ. ನಿಮ್ಮ ಮೈ ಇಷ್ಟು ವರ್ಷ ತಾನೇ ಮಾಡ್ಕೊಳ್ತಿತ್ತಲ್ಲ, ಅದರ ಪಡಿಯಚ್ಚು. ಎಲ್ಲರಿಗೂ ಕೊಡಕ್ಕಾಗಲ್ಲ, ನಿಮಗೆ ಕೊಡಬಹುದು. ಆದ್ರೆ ನಾನು ಹೇಳಿದಷ್ಟೇ, ಹೇಳಿದ ಹಾಗೇ. ಮೊದಮೊದಲು ಚೂರುಪಾರು ರಕ್ತ ಕಾಣಿಸಬಹುದು. ನಿಲ್ಲದಿದ್ರೆ ಓಡಿ ಬನ್ನಿ.” ಜಯಕ್ಕ ಕೇಳಿದ್ದು ಒಂದೇ ಪ್ರಶ್ನೆ: “ಈ ಜೆಲ್ಲು ಕೈಗೆ ಹಚ್ಕೊಂಡು ಸೊಪ್ಪು ಮುಟ್ಟಿದ್ರೆ ಹುಳಕ್ಕೇನಾದ್ರೂ ಆಗ್ತೈತಾ?” ಇಷ್ಟು ವರ್ಷದಲ್ಲಿ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ ಎಂದು ಆ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಕ್ಕರು. ತೊಡೆಗೆ ಹಚ್ಚಿ, ಕೈ ತೊಳೆದುಕೊಳ್ಳಿ ಅಂದರು.

ಎರಡು ತಿಂಗಳಲ್ಲಿ ಒದ್ದೆ ಟವೆಲ್ ಹೆಗಲಿನಿಂದ ಇಳಿಯಿತು. ದಿನದ ಕೊನೆಯ ಸೊಪ್ಪು ಹಾಕಿ, ಹುಳದ ಮನೆಯ ಬಾಗಿಲು ಮುಚ್ಚಿದ ಮೇಲೆಯೇ ಜೆಲ್ಲು ಎಂದು ತಮಗೆ ತಾವೇ ಕಟ್ಟಳೆ ಮಾಡಿಕೊಂಡಿದ್ದರು. ನಿದ್ದೆ ಬರುತ್ತಿತ್ತು. ಭಾವನ ಮೇಲೆ ರೇಗುವುದು ಪೂರ್ತಿ ನಿಲ್ಲಲಿಲ್ಲ, ಆದರೆ ಕಾರಣ ಇಟ್ಟುಕೊಂಡು ರೇಗುತ್ತಿದ್ದರು. ಯುಗಾದಿ ಮುಗಿದ ಮೇಲಿನ ಬೆಳೆಗೆ, ಒಂದು ವರ್ಷದ ನಂತರ, ಮೊದಲ ದಿನದಿಂದ ಅವರೇ ಒಳಗಿದ್ದರು.

ಆ ಬೆಳೆ ನಾಲ್ಕನೇ ಜ್ವರದಿಂದ ಏಳುವ ದಿನ ಬೆಳಗ್ಗೆ ಜಯಕ್ಕ ನನ್ನನ್ನು ನೀರಿನ ತೊಟ್ಟಿಯ ಹಿಂದಕ್ಕೆ ಕರೆದರು. “ಟೀಚರಮ್ಮ, ಚೂರು ಕಾಣಿಸ್ತು. ಡಾಕ್ಟರಮ್ಮ ಹೇಳಿದ್ರಲ್ಲ, ಅಷ್ಟೇ. ಇವತ್ತು ಹುಳನ ಯಾರ ಕೈಗೆ ಬಿಡ್ಲಿ ಹೇಳು? ನಾನು ಒಳಗೆ ಹೋಗ್ತೀನಿ. ಅತ್ತೆಗೆ ಹೇಳಬೇಡ.” ಹೋಗಿ ಅಕ್ಕ, ಅದಕ್ಕೂ ಹುಳಕ್ಕೂ ಏನೂ ಸಂಬಂಧವಿಲ್ಲ ಎಂದು ನಾನೇ ಧೈರ್ಯ ಹೇಳಿದೆ. ಅವರು ನನ್ನ ಕೈಯನ್ನು ಒಂದು ಸಲ ಒತ್ತಿ ಒಳಗೆ ಹೋದರು.

ಆರನೇ ದಿನಕ್ಕೆ ಹುಳಗಳ ಮೈ ಊದಿಕೊಂಡಿತು. ಮುಟ್ಟಿದರೆ ಹಾಲಿನಂಥ ನೀರು. ಸಂಜೆಯೊಳಗೆ ಅರ್ಧ ಬೆಳೆ ಸತ್ತಿತ್ತು. ಅಂಗಳದಲ್ಲಿ ಅತ್ತೆ ಹಣೆ ಚಚ್ಚಿಕೊಳ್ಳುತ್ತಿದ್ದರು, ಭಾವ ಹುಳದ ಮೊಟ್ಟೆ ಕೊಟ್ಟವರನ್ನು ಬೈಯುತ್ತಿದ್ದರು, ನನ್ನ ಗಂಡ ಗುಂಡಿ ತೋಡುತ್ತಿದ್ದರು. ನನಗೂ ಆ ಹೊತ್ತಿಗೆ ನಿದ್ದೆಗೇಡು ಶುರುವಾಗಿತ್ತು. ಕಾರಣವಿಲ್ಲದೆ ಮೈ ಉರಿಯುತ್ತಿತ್ತು, ತರಗತಿಯಲ್ಲಿ ಮಕ್ಕಳ ಮೇಲೆ ಹಾರಾಡಿ ಬಂದಿದ್ದೆ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಗಬ್ಬುನಾತದ ಬುಟ್ಟಿ ಹೊತ್ತು ಅಂಗಳ ದಾಟುತ್ತಿದ್ದವಳು, ಎಲ್ಲರ ಮುಂದೆ ಬುಟ್ಟಿ ಕುಕ್ಕಿ, “ಆವತ್ತು ನೀವು ಆ ಸ್ಥಿತೀಲಿ ಒಳಗೆ ಹೋಗದೇ ಇದ್ದಿದ್ರೆ ಹೀಗಾಗ್ತಿತ್ತಾ ಅಕ್ಕಾ?” ಎಂದುಬಿಟ್ಟೆ.

ಹೌದು, ನಾನೇ. ಹಾರ್ಮೋನಿನ ಪಾಠ ಮಾಡುವ ನಾನೇ.

ಅತ್ತೆ ಬಾಯಿಗೆ ಬಂದದ್ದನ್ನೆಲ್ಲ ಅನ್ನುತ್ತಿರುವಾಗ ಜಯಕ್ಕ ಜಗಲಿಯ ಮೇಲೆ ಕೂತುಕೊಂಡರು. ಬಹಳ ಹೊತ್ತು ಕೂತೇ ಇದ್ದರು.

ಎರಡು ದಿನ ಬಿಟ್ಟು ರೇಷ್ಮೆ ಇಲಾಖೆಯವರು ಬಂದು ನೋಡಿದರು. ಹೋದ ಬೆಳೆಯಾದ ಮೇಲೆ ಹುಳದ ಮನೆಯ ಸೋಂಕನ್ನು ಸರಿಯಾಗಿ ತೆಗೆದಿಲ್ಲ, ಜೊತೆಗೆ ಬಿಸಿಲು ಎಂದರು. ಔಷಧಿ ಹೊಡೆಯುವ ಕೆಲಸ ಭಾವನದು. ಮದುವೆಯೊಂದಕ್ಕೆ ಹೋಗುವ ಆತುರದಲ್ಲಿ ಗೋಡೆಗೆ ಮೇಲೆ ಮೇಲೆ ಹೊಡೆದು ಮುಗಿಸಿದ್ದರು. ಭಾವನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಜಯಕ್ಕನ ಹತ್ತಿರ ಯಾರೂ ಕ್ಷಮೆ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಾಳೆ ಕೇಳೋಣ ಎಂದುಕೊಳ್ಳುತ್ತ ತಿಂಗಳು ಕಳೆಯಿತು. ಅಷ್ಟರಲ್ಲಿ ಅವರು ಎರಡು ಬ್ಯಾಗಿನಲ್ಲಿ ಬಟ್ಟೆ ತುಂಬಿಕೊಂಡು, ಚಿಂತಾಮಣಿಯ ಆಚೆ ಅಂಬಾಜಿದುರ್ಗದ ಕಡೆಯ ಚಾಕಿ ಕೇಂದ್ರಕ್ಕೆ ಕೆಲಸಕ್ಕೆ ಹೊರಟುಬಿಟ್ಟರು. ಮೊಟ್ಟೆಯೊಡೆದ ಮರಿಹುಳಗಳನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವ ಜಾಗ ಅದು. ಪಕ್ಕದಲ್ಲೇ ಒಂದು ರೂಮು. ಭಾವ ಭಾನುವಾರ ಹೋಗಿ ಬರುತ್ತಾರೆ.

ಈಗ ನನಗೂ ನಲವತ್ತೇಳು. ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದು ಮುಖ ತೊಳೆದು ಬಂದಿದ್ದೇನೆ. ಫ್ಯಾನು ಹಾಕಿದರೆ ಚಳಿ, ಆರಿಸಿದರೆ ಬೆವರು. ನಮ್ಮ ಹುಳದ ಮನೆಯಲ್ಲಿ ಈ ವರ್ಷ ಒಂದೇ ಬೆಳೆ ಕೈಗೆ ಹತ್ತಿದ್ದು. ಮೊನ್ನೆ ಅತ್ತೆಯೇ ಬಾಯಿಬಿಟ್ಟು, “ನೀನೇ ಹೋಗಿ ಕರ್ಕೊಂಡು ಬಾರಮ್ಮ” ಎಂದರು.

ಹೋದೆ. ಚಾಕಿ ಕೇಂದ್ರದ ಬಾಗಿಲಲ್ಲಿ ಜಯಕ್ಕ ತಲೆಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದರು. ಸ್ವಲ್ಪ ದಪ್ಪಗಾಗಿದ್ದರು. “ಬಾ ಒಳಗೆ” ಎಂದರು. ನಾನು ಹೊಸ್ತಿಲಲ್ಲೇ ತಡೆದು ನಿಂತೆ. ಎರಡು ತಿಂಗಳು ಬಿಟ್ಟು ಅವತ್ತೇ ನನಗೆ ಮುಟ್ಟಾಗಿತ್ತು. ಹೇಳಿದೆ. “ಇಲ್ಲಿ ಎಂಟು ಜನ ಹೆಣ್ಣುಮಕ್ಕಳು ಕೆಲ್ಸ ಮಾಡ್ತಾರೆ. ಎಲ್ರನ್ನೂ ಮೂರು ಮೂರು ದಿನ ಹೊರಗೆ ಕೂರಿಸಿದ್ರೆ ಹುಳನ ನಿಮ್ಮ ಭಾವ ಬಂದು ಸಾಕ್ತಾರಾ? ಕೈಕಾಲು ತೊಳ್ಕೊಂಡು ಬಾ” ಎಂದರು.

ಒಳಗೆ ಎಳ್ಳಿನಷ್ಟು ಮರಿಗಳು. ಅವುಗಳ ಮೇಲೆ ಅವರು ಸಣ್ಣಗೆ ಹೆಚ್ಚಿದ ಸೊಪ್ಪನ್ನು ಉದುರಿಸುತ್ತಿದ್ದರು. ನಾನು ಪಕ್ಕದಲ್ಲಿ ನಿಂತು, “ಅಕ್ಕಾ, ಆವತ್ತು ನಾನು ಹಾಗೆ ಅನ್ನಬಾರದಾಗಿತ್ತು” ಎಂದೆ.

“ಹೂಂ. ಅನ್ಬಾರ್ದಾಗಿತ್ತು” ಎಂದರು. ಕೈ ನಿಲ್ಲಲಿಲ್ಲ.

ಆ ಟ್ರೇ ಮುಗಿಸಿ, ಇನ್ನೊಂದು ಎಳೆದುಕೊಂಡು, ನನ್ನ ಕತ್ತಿನಲ್ಲಿ ಇಳಿಯುತ್ತಿದ್ದ ಬೆವರು ನೋಡಿದರು. “ಎಷ್ಟು ದಿನದಿಂದ ಹಿಂಗೆ? ಡಾಕ್ಟರಮ್ಮನ ಹತ್ರ ಹೋಗಿದ್ಯಾ?”

ಇಲ್ಲ ಎಂದು ತಲೆಯಾಡಿಸಿದೆ. ಅಳು ಬಂತು.

“ಅಳಬೇಡ, ಸೊಪ್ಪಿಗೆ ಬಿದ್ದಾತು. ಶನಿವಾರ ನಿನಗೆ ಅರ್ಧ ದಿನ ತಾನೆ? ಚಿಕ್ಕಬಳ್ಳಾಪುರ ಬಸ್ ಸ್ಟ್ಯಾಂಡಲ್ಲಿ ನಿಂತಿರು, ನಾನು ಬರ್ತೀನಿ. ನನ್ನ ನೀನು ಕರ್ಕೊಂಡು ಹೋಗಿದ್ದೆ, ನಿನ್ನ ನಾನು ಕರ್ಕೊಂಡು ಹೋಗ್ತೀನಿ.” ಟ್ರೇಯ ಅಂಚು ಸರಿಮಾಡಿ ನನ್ನ ಕಡೆ ತಿರುಗಿದರು. “ನೀನು ಯಾಕೆ ಬಂದಿದೀಯ ಅಂತ ನನಗೆ ಗೊತ್ತು. ಮನೆಗೆ ಮಾತ್ರ ಕರೀಬೇಡ ಕಣಮ್ಮ.”

ನಾನು ಕರೆಯಲಿಲ್ಲ.