ಕಬ್ಬಿಣವಿಲ್ಲದ ಮೋಟಾರು

ದೊಡ್ಡಮ್ಮನ ಎದೆಯಲ್ಲಿ ಗಂಟು ಕಾಣಿಸಿಕೊಂಡಾಗ ಎಂ.ಆರ್.ಐ. ಯಂತ್ರದಲ್ಲಿ ನೋಡಿಕೊಂಡು ಪರೀಕ್ಷೆಗೆಂದು ಸೂಜಿಯಿಂದ ಅದರ ಚೂರು ತೆಗೆದರು. ಯಂತ್ರದ ಸುರಂಗದೊಳಗೆ ಡಾಕ್ಟರ ಕೈ ಹೋಗದ್ದರಿಂದ, ಸೂಜಿಯನ್ನು ಸರಿಸಬೇಕಾದಾಗಲೆಲ್ಲ ಅವರನ್ನು ಹೊರಗೆಳೆದು, ಮತ್ತೆ ಒಳಗೆ ತಳ್ಳುತ್ತಿದ್ದರು. ಗಂಟು ಕೆಟ್ಟದ್ದಲ್ಲ ಎಂದು ಗೊತ್ತಾದ ದಿನ ದೊಡ್ಡಮ್ಮ ನನ್ನನ್ನು ತರಾಟೆಗೆ ತೆಗೆದುಕೊಂಡರು. "ಮೋಟ್ರು ಮಾಡೋಳು ನೀನು. ಆ ಸೂಜಿಗೊಂದು ಮೋಟ್ರು ಮಡಗಕ್ಕಾಗಕಿಲ್ವ?"

ನಾನು ಮಾಡುತ್ತಿದ್ದದ್ದು ರಾಮನಗರದ ರೇಷ್ಮೆ ನೂಲು ತೆಗೆಯುವ ಯಂತ್ರಗಳ ಮೋಟಾರು. ಅದರ ಹೊಟ್ಟೆಯಲ್ಲಿ ಕಬ್ಬಿಣ, ಅಯಸ್ಕಾಂತ ಎರಡೂ ಇರುತ್ತವೆ. ಎಂ.ಆರ್.ಐ. ಯಂತ್ರವೇ ಒಂದು ದೊಡ್ಡ ಅಯಸ್ಕಾಂತ. ಹತ್ತಿರ ಒಯ್ದರೆ ಮೋಟಾರನ್ನು ಕೈಯಿಂದಲೇ ಕಿತ್ತುಕೊಳ್ಳುತ್ತದೆ. ಇದನ್ನೆಲ್ಲ ದೊಡ್ಡಮ್ಮನಿಗೆ ವಿವರಿಸಿದೆ. ಆದರೆ ಆಗುವುದಿಲ್ಲ ಎಂದು ಹೇಳಿ ಸುಮ್ಮನಾಗಲು ನನಗೇ ಆಗಲಿಲ್ಲ.

ಗಾಳಿಯಿಂದ ತಿರುಗುವ ಮೋಟಾರು ಮಾಡಲು ಕೂತೆ. ಪಕ್ಕದ ಕೋಣೆಯಿಂದ ಪ್ಲಾಸ್ಟಿಕ್ ಕೊಳವೆಯಲ್ಲಿ ಗಾಳಿ ಬರಬೇಕು. ಮೂರು ಪುಟ್ಟ ಪಿಸ್ಟನ್‌ಗಳು ಒಂದಾದ ಮೇಲೊಂದು ಹಲ್ಲಿನ ಚಕ್ರವನ್ನು ತಳ್ಳಬೇಕು. ಚಕ್ರ ಸರಾಗವಾಗಿ ತಿರುಗಲೆಂದು ಅದರ ನಡುವೆ ಮಾತ್ರ ಒಂದು ಸ್ಟೀಲ್ ಬೇರಿಂಗ್ ಕೂರಿಸಿದೆ. ಎಂಟು ತಿಂಗಳ ರಜೆಯ ದಿನಗಳನ್ನೆಲ್ಲ ಅದು ನುಂಗಿತು. ಆಸ್ಪತ್ರೆಗೆ ಒಯ್ದರೆ, ಬಾಗಿಲಲ್ಲೇ ಟೆಕ್ನಿಷಿಯನ್ ಹೆಂಗಸು ದಾರಕ್ಕೆ ಕಟ್ಟಿದ ಅಯಸ್ಕಾಂತ ಹಿಡಿದರು. ಅದು ಮೆಲ್ಲಗೆ ನನ್ನ ಬೇರಿಂಗಿನ ಕಡೆ ವಾಲಿತು.

"ಇದಕ್ಕೆ ಅಯಸ್ಕಾಂತ ಹಿಡಿಯಲ್ಲ ಅಂದಿದ್ರಲ್ಲ ಮೇಡಂ?"

ಬೇರಿಂಗ್ ಮಾರಿದ ಅಂಗಡಿಯವನ ಮಾತು ನಂಬಿದ್ದೆ. ಅಯಸ್ಕಾಂತ ಹಿಡಿಯದ ಸ್ಟೀಲೂ ಬಡಿದು, ಒತ್ತಿ ರೂಪ ಕೊಟ್ಟರೆ ತುಸು ಅಯಸ್ಕಾಂತದ ಗುಣ ತೋರಿಸುತ್ತದೆ. ತಲೆ ತಗ್ಗಿಸಿ ವಾಪಸು ಬಂದೆ.

ಮರುದಿನ ಚನ್ನಪಟ್ಟಣಕ್ಕೆ ಹೋದೆ. ಅಲ್ಲೊಬ್ಬ ಹಿರಿಯರು ನಲವತ್ತು ವರ್ಷದಿಂದ ಮರದ ಬುಗುರಿ, ಗಿಲಕಿ ಕಡೆಯುತ್ತಿದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಬೇರಿಂಗನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, "ಲೋಹ ಬ್ಯಾಡ ಅಂದ್ರೆ ಮರ ಐತಲ್ಲಮ್ಮ," ಎಂದರು. ಗೊಂಬೆ ಮಾಡುವ ಆಲೆ ಮರದಲ್ಲಿ, ಬೇರಿಂಗಿನ ಬದಲಿಗೆ, ಬೆರಳುಗುರಿನಷ್ಟು ಉಂಗುರ ಕಡೆದುಕೊಟ್ಟರು. ಮೋಟಾರು ಒಂದು ವಾರ ಚೆನ್ನಾಗಿ ತಿರುಗಿತು. ಆಮೇಲೆ ಬಿಗಿದುಕೊಂಡಿತು.

"ಇದ್ರಲ್ಲಿ ಇನ್ನೂ ಒಸಿ ಹಸಿ ಐತೆ. ನನ್ನದೇ ತಪ್ಪು," ಎಂದು ಚಾಚಾ ಅಟ್ಟದ ಮೇಲಿಂದ ಚೆನ್ನಾಗಿ ಒಣಗಿದ ಹಳೆಯದೊಂದು ತುಂಡು ಇಳಿಸಿದರು. ಅದರಿಂದ ಕಡೆದ ಉಂಗುರ ಒಂದು ಕೂದಲೆಳೆಯಷ್ಟು ಸಡಿಲವಾಯಿತು. ಮತ್ತೊಂದು ಸೀಳಿಹೋಯಿತು. ನಾಲ್ಕನೆಯದು ಕೂತಿತು. ಇಡೀ ಮಳೆಗಾಲ ಅದನ್ನು ಓಡಿಸಿ ನೋಡಿದೆ. ಬಿಗಿಯಲಿಲ್ಲ.

ಮತ್ತೆ ಆಸ್ಪತ್ರೆಗೆ ಹೋದಾಗ ದಾರದ ಅಯಸ್ಕಾಂತ ಅಲುಗಲಿಲ್ಲ. ರೋಗಿಯ ಜಾಗದಲ್ಲಿ ಒಂದು ಪರಂಗಿ ಹಣ್ಣು ಮಲಗಿಸಿದೆವು. ನಾನು ಗಾಜಿನಾಚೆ ಕೂತು ಕೊಳವೆಗೆ ಗಾಳಿ ಹಾಯಿಸಿದೆ. ಪರದೆಯ ಮೇಲೆ ಸೂಜಿ ಹಲ್ಲು ಹಲ್ಲಾಗಿ ಸರಿದು, ನಾವು ಗುರುತಿಟ್ಟಿದ್ದ ಬೀಜವನ್ನು ಮುಟ್ಟಿತು. ಚಿತ್ರದಲ್ಲಿ ಒಂದು ಗೆರೆಯೂ ಕೆಟ್ಟಿರಲಿಲ್ಲ. ಟೆಕ್ನಿಷಿಯನ್ ನನ್ನ ಭುಜ ಹಿಡಿದು ಅಲ್ಲಾಡಿಸಿಬಿಟ್ಟರು.

ಮನುಷ್ಯರಿಗೆ ಬಳಸಲು ಇನ್ನೂ ಬಹಳ ಪರೀಕ್ಷೆ, ಅನುಮತಿ ಬೇಕು. ಸದ್ಯಕ್ಕೆ ಸೂಜಿ ನೇರವಾಗಿ ಆಳಕ್ಕೆ ಮಾತ್ರ ಇಳಿಯುತ್ತದೆ. ಎಡಬಲಕ್ಕೆ ತಿರುಗಿಸುವ ಎರಡನೆಯ ಮೋಟಾರಿನ ನಕ್ಷೆಯನ್ನು ಕಳೆದ ಭಾನುವಾರ ಶುರುಮಾಡಿದ್ದೇನೆ.